ಡ್ಯಾನ್ಯೂಬ್ ಮೇಲಿನ ಹಳೇ ಕಲ್ಲು ಸೇತುವೆ: ಒಂದು ಕಮಾನನ್ನು ಹಿತ್ತಲಲ್ಲಿ ಕಟ್ಟಿದ್ದು

ಜರ್ಮನಿಯ ರೇಗೆನ್ಸ್‌ಬರ್ಗ್ ಊರಿನಲ್ಲಿ ಡ್ಯಾನ್ಯೂಬ್ ನದಿ ದಾಟಲು ಒಂದು ಹಳೇ ಕಲ್ಲು ಸೇತುವೆ ಇದೆ. 1135ರಲ್ಲಿ ಕೆಲಸ ಶುರುವಾಯಿತು, 1146ಕ್ಕೆ ಮುಗಿಯಿತು. 16 ಕಮಾನು, 300 ಮೀಟರಿಗೂ ಜಾಸ್ತಿ ಉದ್ದ. ಎರಡನೇ ಕ್ರುಸೇಡ್‌ಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಟ ಫ್ರಾನ್ಸಿನ ದೊರೆ ಏಳನೇ ಲೂಯಿ 1147ರಲ್ಲಿ ತನ್ನ ಸೈನ್ಯವನ್ನು ಇದರ ಮೇಲೆಯೇ ದಾಟಿಸಿದ. ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆಗೂ ಮುಂಚೆ ಇದ್ದ ಜೂಡಿತ್ ಸೇತುವೆಗೆ ಇದೇ ಮಾದರಿ. ಸುಮಾರು 800 ವರ್ಷ ಆ ಊರಿನಲ್ಲಿ ಡ್ಯಾನ್ಯೂಬ್ ದಾಟಲು ಬೇರೆ ಸೇತುವೆಯೇ ಇರಲಿಲ್ಲ.

ಕೆಲಸದ ಮೇಲೆ ಆ ಊರಿನಲ್ಲಿದ್ದಾಗ ಸಂಜೆ ಹೊತ್ತು ಸೇತುವೆ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಮೇಲಿಂದ ನೋಡಿದರೆ ಅದು ಒಂದು ರಸ್ತೆ ಅಷ್ಟೇ. ಕೆಳಗಿಂದ ನೋಡಿದರೆ ಪ್ರಶ್ನೆಗಳು ಏಳುತ್ತವೆ. ಹರಿಯುವ ನೀರಲ್ಲಿ ಇಷ್ಟು ದಪ್ಪ ಕಂಬವನ್ನು ಕೂರಿಸಿದ್ದು ಹೇಗೆ? ಕಮಾನು ಮುಗಿಯುವವರೆಗೆ ಆ ಕಲ್ಲುಗಳನ್ನೆಲ್ಲ ಎತ್ತಿ ಹಿಡಿದಿದ್ದು ಯಾವುದು? ಓದಿದಷ್ಟೂ ನನಗೆ ಒಂದು ವಿಷಯ ಖಾತ್ರಿಯಾಯಿತು. ಕಲ್ಲು ಸೇತುವೆಯ ಹಣೆಬರಹ ಬರೆಯುವುದು ನಮ್ಮ ಕಣ್ಣಿಗೆ ಬೀಳದ ಎರಡು ವಸ್ತುಗಳು: ನೀರಿನ ಕೆಳಗಿನ ಪಾಯ, ಮತ್ತು ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವ ಮರದ ಸೆಂಟ್ರಿಂಗ್. ಅದನ್ನು ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು. ಮೈಸೂರಿಗೆ ವಾಪಸ್ ಬಂದ ಮೇಲೆ ಹಿತ್ತಲಲ್ಲಿ ಒಂದು ಕಮಾನು ಕಟ್ಟಿದೆ. ಅದರ ವಿವರ ಇಲ್ಲಿದೆ.

ಅಳತೆ

ರೇಗೆನ್ಸ್‌ಬರ್ಗ್‌ನ ಕಮಾನುಗಳೆಲ್ಲ ಒಂದೇ ಅಗಲ ಇಲ್ಲ. ಸುಮಾರು 10 ಮೀಟರಿನಿಂದ 17 ಮೀಟರಿನ ಒಳಗೆ ಬೇರೆ ಬೇರೆ ಇವೆ. ನಾನು 15 ಮೀಟರ್ ಅಂತ ಇಟ್ಟುಕೊಂಡು 20ರಲ್ಲಿ ಒಂದು ಭಾಗಕ್ಕೆ ಇಳಿಸಿದೆ. ಅಂದರೆ ಮಾದರಿಯ ಕಮಾನಿನ ಒಳ ಅಗಲ 75 ಸೆಂ.ಮೀ. ಆಕಾರ ಅರ್ಧ ವೃತ್ತ, ಒಳ ತ್ರಿಜ್ಯ 37.5 ಸೆಂ.ಮೀ. ಕಲ್ಲಿನ ದಪ್ಪ 6 ಸೆಂ.ಮೀ., ಸೇತುವೆಯ ಅಗಲ 15 ಸೆಂ.ಮೀ. ಒಟ್ಟು 25 ಕಲ್ಲು.

6 ಸೆಂ.ಮೀ. ದಪ್ಪ ಅನ್ನುವುದು ಸುಮ್ನೆ ಆರಿಸಿದ್ದಲ್ಲ. ಅರ್ಧ ವೃತ್ತದ ಕಮಾನು ತನ್ನ ಭಾರವನ್ನು ತಾನೇ ಹೊತ್ತು ನಿಲ್ಲಬೇಕಾದರೆ ಅದರ ದಪ್ಪ ತ್ರಿಜ್ಯದ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರಲೇಬೇಕು. ಅದಕ್ಕಿಂತ ತೆಳ್ಳಗಾದರೆ ಎಂಥ ಗಟ್ಟಿ ಕಲ್ಲು ಹಾಕಿದರೂ ಮಡಚಿ ಬೀಳುತ್ತದೆ. ಇಲ್ಲಿ ಕಲ್ಲಿನ ಗಟ್ಟಿತನಕ್ಕಿಂತ ಆಕಾರವೇ ಮುಖ್ಯ. ಇಂಥ ಕಮಾನಿನಲ್ಲಿ ಕಲ್ಲಿನ ಮೇಲೆ ಬೀಳುವ ಒತ್ತಡ, ಅದು ತಡೆಯಬಲ್ಲ ಒತ್ತಡದ ಸಣ್ಣ ಪಾಲು ಅಷ್ಟೇ.

ಇದನ್ನು ಕಣ್ಣಾರೆ ನೋಡಲು ಒಂದು ಸುಲಭದ ದಾರಿ ಇದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಇದರ ಗುಟ್ಟನ್ನು ಅಕ್ಷರ ಅದಲುಬದಲು ಮಾಡಿದ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿದ. ಸರಪಳಿಯನ್ನು ಎರಡು ತುದಿ ಹಿಡಿದು ಇಳಿಬಿಟ್ಟರೆ ಯಾವ ಆಕಾರ ಬರುತ್ತದೋ, ಅದನ್ನು ತಲೆಕೆಳಗು ಮಾಡಿದರೆ ಕಲ್ಲಿನ ಕಮಾನು ನಿಲ್ಲುವ ದಾರಿ ಸಿಗುತ್ತದೆ. ಪ್ಲೈವುಡ್ ಹಲಗೆ ಮೇಲೆ ನನ್ನ ಕಮಾನನ್ನು ಪೂರ್ತಿ ಅಳತೆಯಲ್ಲಿ, ತಲೆಕೆಳಗಾಗಿ ಬರೆದೆ. ಹಲಗೆಯನ್ನು ಗೋಡೆಗೆ ಒರಗಿಸಿ, ಕಮಾನು ಶುರುವಾಗುವ ಎರಡು ಕಡೆ ಮೊಳೆ ಹೊಡೆದು, ತೆಳ್ಳನೆ ಸರಪಳಿ ನೇತುಹಾಕಿದೆ. ಉದ್ದವನ್ನು ಒಂದೊಂದೇ ಕೊಂಡಿ ಹೆಚ್ಚುಕಮ್ಮಿ ಮಾಡುತ್ತಾ ಹೋದಾಗ ಸರಪಳಿ ಪೂರ್ತಿ ಆ 6 ಸೆಂ.ಮೀ. ಪಟ್ಟಿಯ ಒಳಗೇ ಕೂತಿತು. ನಡುವಿನಲ್ಲಿ ಹೊರ ಅಂಚಿನ ಹತ್ತಿರ, ಹೆಗಲಿನ ಭಾಗದಲ್ಲಿ, ಅಂದರೆ ಕಮಾನಿನ ನೆತ್ತಿಗೂ ಬುಡಕ್ಕೂ ನಡುವಿನ ಬಾಗಿನಲ್ಲಿ, ಒಳ ಅಂಚಿನ ಹತ್ತಿರ. ಹೆಗಲಿನ ಹತ್ತಿರ ಸರಪಳಿ ಅಂಚಿಗೆ ತಾಗುವಷ್ಟು ಸರಿದಿತ್ತು. ಈ ಕಮಾನು ಸೋಲುವುದಾದರೆ ಅಲ್ಲಿಂದಲೇ ಸೋಲುತ್ತದೆ ಅಂತ ಕಲ್ಲು ಮುಟ್ಟುವ ಮೊದಲೇ ಗೊತ್ತಾಯಿತು.

1135ರ ಕೆಲಸಗಾರರಿಗೆ ಹುಕ್‌ನ ಮಾತು ಗೊತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಹಗ್ಗ, ಕಂಪಾಸು, ಹಳೇ ರೋಮನ್ ಕಟ್ಟಡಗಳು, ಹಿರಿಯರಿಂದ ಕಲಿತ ದಪ್ಪ–ಅಗಲದ ಲೆಕ್ಕ. ಅಷ್ಟರಲ್ಲೇ ಅವರು ಕಟ್ಟಿದ್ದು ಇವತ್ತಿಗೂ ನಿಂತಿದೆ.

ಮೊದಲು ನದಿ

ಕಮಾನಿಗೆ ಮುಂಚೆ ಪಾಯದ ಪ್ರಯೋಗ ಮಾಡಿದೆ. ದೊಡ್ಡ ಪ್ಲಾಸ್ಟಿಕ್ ಟಬ್‌ನಲ್ಲಿ ಮರಳು ಹಾಸಿ, ನಡುವೆ ಒಂದು ಮರದ ತುಂಡನ್ನು ಕಂಬದ ಹಾಗೆ ನಿಲ್ಲಿಸಿ, ಒಂದು ತುದಿಯಿಂದ ಪೈಪಿನಲ್ಲಿ ನೀರು ಬಿಟ್ಟೆ. ಇನ್ನೊಂದು ತುದಿಯಲ್ಲಿ ನೀರು ಹೊರಗೆ ಹೋಗಲು ಅಂಚು ಕತ್ತರಿಸಿದ್ದೆ.

ನೀರು ಕಂಬವನ್ನು ಹಿಂದಿನಿಂದ ತಳ್ಳಿ ಬೀಳಿಸುತ್ತದೆ ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ನೀರು ಕಂಬದ ಮುಂಭಾಗಕ್ಕೆ ಬಡಿದು ಕೆಳಗೆ ಇಳಿಯುತ್ತದೆ, ಬುಡದಲ್ಲಿ ಸುರುಳಿ ಸುತ್ತುತ್ತದೆ, ಅಲ್ಲಿನ ಮರಳನ್ನು ಎತ್ತಿ ಎರಡು ಪಕ್ಕಕ್ಕೆ ಸಾಗಿಸುತ್ತದೆ. ಟಬ್‌ನಲ್ಲಿ ನೋಡನೋಡುತ್ತಿದ್ದಂತೆ ಮರದ ತುಂಡಿನ ಮುಂದೆ ಗುಂಡಿ ಬಿತ್ತು. ಗುಂಡಿ ಬುಡದ ಕೆಳಗೆ ಹೋದ ಕ್ಷಣ ತುಂಡು ಮುಂದಕ್ಕೆ ವಾಲಿತು, ನೀರು ಬರುತ್ತಿದ್ದ ಕಡೆಗೆ. ಪ್ರವಾಹದಲ್ಲಿ ಸೇತುವೆಗಳು ಬೀಳುವುದಕ್ಕೆ ದೊಡ್ಡ ಕಾರಣ ಇದೇ.

ರೇಗೆನ್ಸ್‌ಬರ್ಗ್‌ನವರು ಇದಕ್ಕೆ ಕಂಡುಕೊಂಡ ಉಪಾಯ ದೊಡ್ಡದು. 1135ರ ಬೇಸಿಗೆಯಲ್ಲಿ ಮಳೆ ಇರಲಿಲ್ಲ, ನದಿ ತುಂಬಾ ಇಳಿದಿತ್ತು. ಆ ಅವಕಾಶ ಹಿಡಿದು ಪಾಯ ಹಾಕಿದರು. ನದಿಯ ತಳದ ಮೇಲೆ ಓಕ್ ಮರದ ದಿಮ್ಮಿಗಳನ್ನು ಚೌಕಟ್ಟಿನ ಹಾಗೆ ಹಾಸಿ, ಅದರ ಮೇಲೆ ಕಲ್ಲಿನ ಕಂಬ ಎಬ್ಬಿಸಿದರು. ಮರ ಸದಾ ನೀರಿನ ಕೆಳಗೇ ಇದ್ದರೆ ಗಾಳಿ ಸಿಗದೆ ನೂರಾರು ವರ್ಷ ಕೊಳೆಯುವುದಿಲ್ಲ. ಆಮೇಲೆ ಪ್ರತಿ ಕಂಬದ ಸುತ್ತ ಮರದ ಗೂಟ ಹೊಡೆದು, ಒಳಗೆ ಕಲ್ಲು ತುಂಬಿ, ದೋಣಿ ಆಕಾರದ ಒಂದು ಸಣ್ಣ ದ್ವೀಪವನ್ನೇ ಮಾಡಿದರು. ಕೊರೆಯುವ ನೀರು ಕಂಬವನ್ನು ಮುಟ್ಟುವ ಮೊದಲು ಈ ದ್ವೀಪವನ್ನು ಕೊರೆಯಬೇಕು. ದ್ವೀಪ ಸವೆದರೆ ಇನ್ನಷ್ಟು ಕಲ್ಲು ತುಂಬಿದರಾಯಿತು. ಲಂಡನ್ನಿನ ಹಳೇ ಕಲ್ಲು ಸೇತುವೆಯ ಕಂಬಗಳಿಗೂ ಇಂಥದ್ದೇ ರಕ್ಷಣೆ ಇತ್ತು. ಅದು 1176ರಲ್ಲಿ ಶುರುವಾಗಿ 1209ರಲ್ಲಿ ಮುಗಿದದ್ದು.

ಟಬ್‌ನಲ್ಲಿ ನಾನೂ ತುಂಡಿನ ಸುತ್ತ ಕಡ್ಡಿ ಚುಚ್ಚಿ, ಒಳಗೆ ಜಲ್ಲಿಪುಡಿ ತುಂಬಿದೆ. ಕಂಬ ಅಲ್ಲಾಡಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಂದು ವಿಷಯ ಕಾಣಿಸಿತು. ದ್ವೀಪಕ್ಕೂ ಟಬ್‌ನ ಅಂಚಿಗೂ ನಡುವೆ ನೀರಿಗೆ ಜಾಗ ಕಮ್ಮಿಯಾಗಿ ಅದು ಜೋರಾಗಿ ನುಗ್ಗಿತು, ಕೆಳಗಡೆ ಹೊಸ ಗುಂಡಿ ತೋಡಿತು. ರೇಗೆನ್ಸ್‌ಬರ್ಗ್‌ನಲ್ಲಿ ಇವತ್ತಿಗೂ ಸೇತುವೆಯ ಕೆಳಭಾಗದಲ್ಲಿ ಸುಳಿಗಳು ಕಾಣಿಸುತ್ತವೆ. ದೋಣಿಗಳಿಗೆ ಅದು ಕಾಟ. ಊರಿನವರು ಅದೇ ಸೆಳೆತಕ್ಕೆ ನೀರಿನ ಗಿರಣಿಗಳನ್ನು ಕೂರಿಸಿ ಬಳಸಿಕೊಂಡರು.

ಕಲ್ಲು

ಮೂಲ ಸೇತುವೆಗೆ ಸುಣ್ಣದ ಕಲ್ಲನ್ನೂ ಆ ಕಡೆಯ ಹಸಿರು ಛಾಯೆಯ ಮರಳುಗಲ್ಲನ್ನೂ ಬಳಸಿದ್ದಾರೆ. ನಾನು ಬಳಪದ ಕಲ್ಲು ತೆಗೆದುಕೊಂಡೆ. ಮೈಸೂರಿನಲ್ಲಿ ವಿಗ್ರಹ ಕೆತ್ತುವವರ ಹತ್ತಿರ ತುಂಡುಗಳು ಸಿಗುತ್ತವೆ. ಹೊಯ್ಸಳರ ದೇವಸ್ಥಾನಗಳ ಕಲ್ಲು ಇದೇ ಜಾತಿ. ಗರಗಸಕ್ಕೂ ಬಗ್ಗುತ್ತದೆ, ಹಾಗಾಗಿ ಒಬ್ಬನೇ ಮಾಡುವ ಕೆಲಸಕ್ಕೆ ಸರಿ.

ತೆಳ್ಳನೆ ಅಲ್ಯುಮಿನಿಯಂ ಹಾಳೆಯಲ್ಲಿ ಒಂದು ಅಚ್ಚು ಕತ್ತರಿಸಿಕೊಂಡೆ. ಪ್ರತಿ ಕಲ್ಲು ಒಳಗಡೆ 4.5 ಸೆಂ.ಮೀ., ಹೊರಗಡೆ 5.3 ಸೆಂ.ಮೀ. ಸಂದಿಗೆ 2 ಮಿ.ಮೀ. ಗಾರೆ. ಅಳತೆ ಟೇಪಿನಿಂದ ಒಂದೊಂದನ್ನೂ ಅಳೆಯುತ್ತಾ ಕೂತರೆ ಸಣ್ಣ ಸಣ್ಣ ವ್ಯತ್ಯಾಸ ಕೂಡಿಕೊಂಡು ಕೊನೇ ಕಲ್ಲು ಕೂರುವುದಿಲ್ಲ. ಅಚ್ಚು ಇಟ್ಟು ಗೀರು ಎಳೆದರೆ ಆ ತೊಂದರೆ ಇಲ್ಲ. ಹಿಂದಿನವರೂ ಮರದ ಅಚ್ಚು ಇಟ್ಟೇ ಕೆತ್ತುತ್ತಿದ್ದರು.

ಬಳಪದ ಕಲ್ಲಿಗೆ ಒಂದು ಗುಣ ಇದೆ, ಜಾರುತ್ತದೆ. ಕಮಾನಿನಲ್ಲಿ ಕಲ್ಲುಗಳು ಒಂದರ ಮೇಲೊಂದು ಜಾರಬಾರದು. ಅದಕ್ಕೇ ಸಂದಿಗೆ ಬರುವ ಎರಡು ಮುಖಗಳನ್ನು ನುಣ್ಣಗೆ ಮಾಡದೆ, ಉಳಿಯಿಂದ ಅಡ್ಡಡ್ಡ ಗೀರು ಹೊಡೆದು ಒರಟು ಮಾಡಿದೆ. ಬೆರಳು ಸವರಿದರೆ ತೊಡರಬೇಕು, ಅಷ್ಟು. ಕತ್ತರಿಸುವಾಗ ನೀರು ಹಾಕುತ್ತಲೇ ಇರಿ, ಮಾಸ್ಕ್ ಬಿಡಬೇಡಿ. ಕೆಲವು ಬಳಪದ ಕಲ್ಲಿನಲ್ಲಿ ಆಸ್ಬೆಸ್ಟಾಸ್ ಎಳೆಗಳು ಇರುತ್ತವೆ, ಧೂಳು ಎದೆಗೆ ಒಳ್ಳೆಯದಲ್ಲ.

ಕಮಾನಿನ ಎರಡು ತುದಿಗೆ ಸೈಜುಗಲ್ಲು ಕೂರಿಸಿದೆ. ಇದರಲ್ಲಿ ಜಿಪುಣತನ ಬೇಡ. ಕಮಾನು ಕೆಳಗೆ ಒತ್ತುವುದರ ಜೊತೆಗೆ ಪಕ್ಕಕ್ಕೂ ತಳ್ಳುತ್ತದೆ. ತುದಿ ಸರಿದರೆ ಕಮಾನು ಬಾಯಿ ಬಿಡುತ್ತದೆ.

ಇಲ್ಲಿ ನಮ್ಮ ಕಡೆಯ ಸೇತುವೆಗಳ ನೆನಪಾಯಿತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಇದೆಯಲ್ಲ, ಅದಕ್ಕೆ ಕಮಾನೇ ಇಲ್ಲ. ಕಲ್ಲಿನ ಕಂಬ, ಅದರ ಮೇಲೆ ಚಾಚಿದ ಬೋದಿಗೆ, ಮೇಲೆ ಉದ್ದುದ್ದ ಕಲ್ಲಿನ ತೊಲೆ. ಹಂಪಿಯಲ್ಲಿ ತುಂಗಭದ್ರೆಯ ನಡುವೆ ಉಳಿದಿರುವ ಕಂಬಗಳೂ ಇಂಥದ್ದೇ ಸೇತುವೆಯವು. ಈ ಬಗೆಯಲ್ಲಿ ಪಕ್ಕಕ್ಕೆ ತಳ್ಳುವ ಭಾರ ಇಲ್ಲ, ಸೆಂಟ್ರಿಂಗ್ ಬೇಡ, ನದಿ ತಳದಲ್ಲೇ ಬಂಡೆ ಸಿಗುವ ನಮ್ಮ ಕಡೆ ಕಂಬ ನಿಲ್ಲಿಸುವುದೂ ಸುಲಭ. ಆದರೆ ತೊಲೆಯ ಕಲ್ಲು ಎಷ್ಟು ಉದ್ದವೋ ಅಷ್ಟಕ್ಕೇ ಕಂಬ ಬೇಕು. ಕಮಾನಿನಲ್ಲಿ ಸಣ್ಣ ಸಣ್ಣ ಕಲ್ಲಿನಿಂದ 15 ಮೀಟರ್ ದಾಟಬಹುದು.

ಸೆಂಟ್ರಿಂಗ್

ನಮ್ಮ ಮನೆ ಕಟ್ಟಿದ ಮೇಸ್ತ್ರಿ ಒಂದು ದಿನ ಬಂದು ನೋಡಿದರು. ನಾನು ಕಲ್ಲು ತೋರಿಸಲು ಹೋದೆ. ಅವರು ಕಲ್ಲಿನ ಕಡೆ ತಿರುಗಲೇ ಇಲ್ಲ. ಬಗ್ಗಿ ಮರದ ಚೌಕಟ್ಟನ್ನು ಅಲ್ಲಾಡಿಸಿ ನೋಡಿದರು. "ಸಾರ್, ಸೆಂಟ್ರಿಂಗ್ ಗಟ್ಟಿ ಇದ್ರೆ ಅರ್ಧ ಕೆಲಸ ಆದಂಗೆ. ಬಿಚ್ಚೋದು ಹೆಂಗೆ ಅಂತ ಈಗ್ಲೇ ಯೋಚ್ನೆ ಮಾಡಿದೀರಾ?" ಅಂದರು. ಬೆಣೆ ತೋರಿಸಿದೆ. "ಹಂಗಾದ್ರೆ ಸರಿ ಬಿಡಿ" ಅಂದರು.

ಚೌಕಟ್ಟು ಹೀಗಿತ್ತು. 18 ಮಿ.ಮೀ. ಪ್ಲೈವುಡ್‌ನಲ್ಲಿ ಅರ್ಧ ವೃತ್ತದ ಎರಡು ಹಲಗೆ, ನಡುವೆ ಅಡ್ಡಪಟ್ಟಿಗಳು, ಮೇಲೆ ಒತ್ತೊತ್ತಾಗಿ ಹೊಡೆದ ರೀಪರ್ ತುಂಡುಗಳು. ಇಡೀ ಚೌಕಟ್ಟು ನಾಲ್ಕು ಮೂಲೆಯಲ್ಲಿ ಜೋಡಿ ಬೆಣೆಗಳ ಮೇಲೆ ನಿಂತಿತ್ತು. ಎದುರುಬದುರು ಇಟ್ಟ ಎರಡು ಬೆಣೆಗಳನ್ನು ಸ್ವಲ್ಪ ಸಡಿಲಿಸಿದರೆ ಚೌಕಟ್ಟು ಅಷ್ಟೇ ಸ್ವಲ್ಪ ಕೆಳಗಿಳಿಯುತ್ತದೆ. ಮಧ್ಯಯುಗದ ಬಡಗಿಗಳೂ ಓಕ್ ಬೆಣೆಗಳಿಂದಲೇ ಇಳಿಸುತ್ತಿದ್ದರು.

15 ಮೀಟರ್ ಅಗಲದ ಕಮಾನಿಗೆ ಇಂಥ ಚೌಕಟ್ಟು ಮಾಡಲು ಎಷ್ಟು ಮರ ಬೇಕು ಯೋಚಿಸಿ. ಅದೂ ಹರಿಯುವ ನದಿಯ ಮೇಲೆ. ಹೆಸರು ಉಳಿಯುವುದು ಕಲ್ಲಿನವರದ್ದು. ನನ್ನ ಮಟ್ಟಿಗೆ ಇಂಥ ಸೇತುವೆಯಲ್ಲಿ ಬಡಗಿಯ ಪಾಲು ಅರ್ಧಕ್ಕಿಂತ ಕಮ್ಮಿ ಇಲ್ಲ.

ಮೊದಲು ಗಾರೆ ಇಲ್ಲದೆ ಒಣಗಲ್ಲು ಜೋಡಿಸಿ ನೋಡಿದೆ, ಸಂದಿಗೆ 2 ಮಿ.ಮೀ. ರಟ್ಟು ಇಟ್ಟು. ಎರಡು ಕಡೆಯಿಂದಲೂ ಮೊದಲ ನಾಲ್ಕು ಕಲ್ಲುಗಳಿಗೆ ಚೌಕಟ್ಟಿನ ಆಸರೆ ಬೇಕೇ ಆಗಲಿಲ್ಲ. ಉಜ್ಜಾಟದ ಬಲದಲ್ಲೇ ನಿಂತವು. ಅಲ್ಲಿಯವರೆಗೆ ಇಳಿಜಾರು 30 ಡಿಗ್ರಿಯ ಒಳಗೇ ಇರುತ್ತದೆ. ಫ್ರಾನ್ಸಿನ ಪೋಂ ದ್ಯು ಗಾರ್‌ನಂಥ ರೋಮನ್ ಕಟ್ಟಡದಲ್ಲಿ ಕಮಾನಿನ ಬುಡದಿಂದ ಸ್ವಲ್ಪ ಮೇಲೆ ಕಲ್ಲುಗಳು ಹೊರಗೆ ಚಾಚಿಕೊಂಡಿರುವುದು ಇದಕ್ಕೇ. ಸೆಂಟ್ರಿಂಗನ್ನು ನೆಲದಿಂದ ಎಬ್ಬಿಸದೆ ಅಲ್ಲಿಂದಲೇ ಶುರು ಮಾಡಿದರೆ ಮರ ಎಷ್ಟೋ ಉಳಿಯುತ್ತದೆ.

ಐದನೇ ಕಲ್ಲಿನಿಂದ ಮುಂದೆ ಎಲ್ಲವೂ ಚೌಕಟ್ಟಿನ ಮೇಲೆ. ಎಡಗಡೆ ಒಂದು ಇಟ್ಟರೆ ಬಲಗಡೆ ಒಂದು ಇಡಲೇಬೇಕು. ಎರಡು ಹೆಗಲಿನ ಮೇಲೆ ಭಾರ ಬಿದ್ದಾಗ ಚೌಕಟ್ಟಿನ ನೆತ್ತಿ ಮೇಲಕ್ಕೆ ಉಬ್ಬಲು ನೋಡುತ್ತದೆ. ಅದಕ್ಕೆ ನೆತ್ತಿಯ ಮೇಲೆ ಮೂರು ಇಟ್ಟಿಗೆ ಹೇರಿದೆ, ಕಲ್ಲು ಮೇಲೆ ಬಂದ ಹಾಗೆ ಒಂದೊಂದೇ ತೆಗೆದೆ.

ಗಾರೆ

ಸಿಮೆಂಟ್ ಬಳಸಲಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಮುಚ್ಚಿಟ್ಟು ಚೆನ್ನಾಗಿ ಹಣ್ಣಾಗಲು ಬಿಟ್ಟಿದ್ದೆ. ಅರಳಿಸುವಾಗ ಕುದಿದು ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವುಸು ಇಲ್ಲದೆ ಹತ್ತಿರ ಹೋಗಬಾರದು. ಒಂದು ಪಾಲು ಸುಣ್ಣ, ಎರಡು ಪಾಲು ಜರಡಿ ಹಿಡಿದ ಮರಳು, ಒಂದು ಪಾಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಸುರ್ಕಿ ಸೇರಿದರೆ ಗಾಳಿ ಆಡದ ಒಳಭಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ.

ಸುಣ್ಣದ ಗಾರೆ ನಿಧಾನ. ಆದರೆ ಆ ನಿಧಾನದಲ್ಲೇ ಲಾಭ ಇದೆ. ಸೆಂಟ್ರಿಂಗ್ ಇಳಿಸಿದಾಗ ಕಮಾನು ಸ್ವಲ್ಪ ಕೂರುತ್ತದೆ, ಆಗ ಮೆತ್ತಗಿರುವ ಗಾರೆ ಅದರ ಜೊತೆ ಹೊಂದಿಕೊಳ್ಳುತ್ತದೆ. ಸಿಮೆಂಟ್ ಆಗಿದ್ದರೆ ಸಂದಿ ಬಿಡದೆ ಕಲ್ಲೇ ಸೀಳಬಹುದು. ಹಳೇ ಸೇತುವೆ ದುರಸ್ತಿಯಲ್ಲಿ ಸಿಮೆಂಟ್ ಮೆತ್ತುವುದನ್ನು ನಾನು ಒಪ್ಪದಿರಲು ಇದೇ ಕಾರಣ.

ಕೊನೆಗೆ ನಡುಗಲ್ಲು. ಗಾರೆ ಹಚ್ಚಿ ಮೇಲಿಂದ ಇಳಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದೆ. ಎರಡೂ ಪಕ್ಕದಿಂದ ಗಾರೆ ಒಂದೇ ಸಮ ಹೊರಗೆ ಉಕ್ಕಿತು, ಅಲ್ಲಿಗೆ ನಿಲ್ಲಿಸಿದೆ. ಇಡೀ ಕಮಾನನ್ನು ಈ ಒಂದು ಕಲ್ಲೇ ಹಿಡಿದಿದೆ ಅನ್ನುವ ಮಾತು ಎಲ್ಲ ಕಡೆ ಇದೆ. ನಿಜದಲ್ಲಿ 25ರಲ್ಲಿ ಯಾವ ಕಲ್ಲು ತೆಗೆದರೂ ಕಮಾನು ಬೀಳುತ್ತದೆ. ಕೊನೆಯಲ್ಲಿ ಇಡುತ್ತಾರೆ ಅನ್ನುವುದಷ್ಟೇ ನಡುಗಲ್ಲಿನ ವಿಶೇಷ.

ಬೆಣೆ ಸಡಿಲಿಸಿದ್ದು

ಸೆಂಟ್ರಿಂಗ್ ಇಳಿಸುವ ಮೊದಲು ಎರಡು ಹೆಗಲಿನ ಹಿಂದೆ ಅರ್ಧ ಎತ್ತರದವರೆಗೆ ಚೂರುಗಲ್ಲು, ಗಾರೆ ತುಂಬಿದೆ. ಸರಪಳಿ ತೋರಿಸಿದ್ದು ಇದನ್ನೇ ಅಲ್ವಾ. ಅರ್ಧ ವೃತ್ತದ ಕಮಾನು ಹೆಗಲಿನಲ್ಲಿ ಹೊರಕ್ಕೆ ಉಬ್ಬಲು ನೋಡುತ್ತದೆ. ಹಿಂದಿನಿಂದ ಒತ್ತಿ ಹಿಡಿದರೆ ಅದು ತಣ್ಣಗಾಗುತ್ತದೆ.

ನಾಲ್ಕು ಮೂಲೆಯ ಬೆಣೆಗಳನ್ನು ಸರದಿಯಲ್ಲಿ, ಒಂದೊಂದಕ್ಕೆ ಒಂದೊಂದೇ ಏಟು ಕೊಟ್ಟು ಸಡಿಲಿಸಿದೆ. ಕಲ್ಲಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದದ ಪಟ್ಟಿ ಸಿಕ್ಕಿಸಿದ್ದೆ. ಮೊದಲು ಎಳೆದರೆ ಬರುತ್ತಿರಲಿಲ್ಲ. ಬೆಣೆ ಇಳಿದ ಹಾಗೆ ಹೆಗಲಿನ ಹತ್ತಿರದ ಕಾಗದ ಮೊದಲು ಸಡಿಲವಾಯಿತು, ನೆತ್ತಿಯದು ಕೊನೆಗೆ. ನೆತ್ತಿಯ ಕಾಗದ ಕೈಗೆ ಬಂದಾಗ ಕಮಾನು ತನ್ನ ಕಾಲ ಮೇಲೆ ನಿಂತಿತ್ತು. ನೆತ್ತಿ 1 ಮಿ.ಮೀ.ನಷ್ಟು ಕೂತಿತ್ತು. ನಡುಗಲ್ಲಿನ ಪಕ್ಕದ ಸಂದಿಯಲ್ಲಿ, ಕೆಳಮುಖದಲ್ಲಿ, ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಗಾಬರಿ ಬೇಡ. ತುದಿಗಳು ಚೂರು ಸರಿದಾಗ ಕಮಾನು ಹೀಗೆ ಸಂದಿ ಬಿಟ್ಟು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಹಳೇ ಸೇತುವೆಗಳಲ್ಲಿ ಇಂಥ ಬಿರುಕು ಇಲ್ಲದ ಕಮಾನು ಸಿಗುವುದೇ ಅಪರೂಪ.

ರೇಗೆನ್ಸ್‌ಬರ್ಗ್‌ನಲ್ಲಿ ಸೇತುವೆ ಕಟ್ಟಿದ ಬಗ್ಗೆ ಒಂದು ಕತೆ ಇದೆ. ಸೇತುವೆ ಕಟ್ಟುವವನೂ ದೊಡ್ಡ ಚರ್ಚು ಕಟ್ಟುವವನೂ ಪಂದ್ಯ ಕಟ್ಟಿದರಂತೆ. ಸೇತುವೆಯವನು ಸೈತಾನನ ಸಹಾಯ ಕೇಳಿದ. ಮೊದಲು ಸೇತುವೆ ದಾಟುವ ಮೂರು ಜೀವ ನನಗೆ ಅಂತ ಸೈತಾನ ಕರಾರು ಹಾಕಿದ. ಸೇತುವೆಯವನು ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ಅಟ್ಟಿದ. ಸಿಟ್ಟಿಗೆದ್ದ ಸೈತಾನ ಕೆಳಗಿಂದ ಒದ್ದದ್ದಕ್ಕೇ ಸೇತುವೆ ನಡುವೆ ಉಬ್ಬಿದೆಯಂತೆ. ಆ ಚರ್ಚಿನ ಕೆಲಸ ಶುರುವಾಗಿದ್ದೇ ಸೇತುವೆ ಮುಗಿದು ನೂರು ವರ್ಷಕ್ಕೂ ಮೇಲೆ. ಆದರೂ ಜನ ಇಂಥ ಕತೆ ಕಟ್ಟಿದ್ದು ನನಗೆ ಸಹಜ ಅನ್ನಿಸುತ್ತದೆ. ಚೌಕಟ್ಟು ಕೆಳಗಿಳಿದು ಕಲ್ಲು ಮೇಲೇ ನಿಂತಾಗ, ಲೆಕ್ಕ ಗೊತ್ತಿದ್ದ ನನಗೇ ಮೈ ಜುಮ್ಮೆಂದಿತು.

ಭಾರ

ಒಣಗಲ್ಲು ಜೋಡಿಸಿದ್ದಾಗಲೇ ಒಮ್ಮೆ ಸೆಂಟ್ರಿಂಗ್ ಇಳಿಸಿ ಭಾರ ಇಟ್ಟು ನೋಡಿದ್ದೆ. ನೆತ್ತಿಯ ಮೇಲೆ ಇಟ್ಟ ಭಾರಕ್ಕೆ ಕಮಾನು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅದೇ ಭಾರವನ್ನು ಎಡಗಡೆಯ ಕಾಲುಭಾಗಕ್ಕೆ ಸರಿಸಿದಾಗ ಬಲಗಡೆಯ ಹೆಗಲು ಮೇಲೆದ್ದಿತು, ಅಲ್ಲಿನ ಸಂದಿ ಮೇಲ್ಮುಖದಲ್ಲಿ ಬಾಯಿ ಬಿಟ್ಟಿತು. ಸೇತುವೆಗೆ ಅಪಾಯ ಗಾಡಿ ನಡುವೆ ಇದ್ದಾಗ ಅಲ್ಲ, ಕಾಲುಭಾಗದಲ್ಲಿದ್ದಾಗ. ಈಗ ಗಾರೆ ಕಟ್ಟಿ, ಹೆಗಲು ತುಂಬಿ, ಪಕ್ಕದ ಗೋಡೆ ಎಬ್ಬಿಸಿ, ಮೇಲೆ ಮಣ್ಣು–ಜಲ್ಲಿ ಹಾಕಿ ರಸ್ತೆ ಮಾಡಿದ ಮೇಲೆ 25 ಕೆ.ಜಿ. ಮರಳಿನ ಚೀಲವನ್ನು ಅದೇ ಕಾಲುಭಾಗದಲ್ಲಿ ಇಟ್ಟೆ. ಒಂದು ಸಂದಿಯೂ ಅಲ್ಲಾಡಲಿಲ್ಲ. ತುಂಬಿದ ಮಣ್ಣು ಭಾರವನ್ನು ಹರಡುತ್ತದೆ, ಆಚೆ ಹೆಗಲು ಏಳದಂತೆ ಒತ್ತಿ ಹಿಡಿಯುತ್ತದೆ.

ಆದರೆ ಆ ತುಂಬಿದ ಭಾಗದಿಂದಲೇ ಹಳೇ ಸೇತುವೆಗಳಿಗೆ ಕಾಯಿಲೆ ಶುರು. ರಸ್ತೆಯಿಂದ ನೀರು ಒಳಗಿಳಿಯುತ್ತದೆ, ಸುಣ್ಣವನ್ನು ಕರಗಿಸುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ತಳ್ಳುತ್ತದೆ. ರೇಗೆನ್ಸ್‌ಬರ್ಗ್‌ನಲ್ಲಿ 1997ರಲ್ಲಿ ಖಾಸಗಿ ಕಾರುಗಳನ್ನು ನಿಲ್ಲಿಸಿದರು, 2008ರಲ್ಲಿ ಬಸ್ಸುಗಳನ್ನೂ. 2010ರಿಂದ 2018ರವರೆಗೆ ದೊಡ್ಡ ದುರಸ್ತಿ ನಡೆಯಿತು. ನೀರು ಒಳಗಿಳಿಯದಂತೆ ತಡೆಯುವುದು ಅದರಲ್ಲಿ ಮುಖ್ಯ ಕೆಲಸ. ನನ್ನ ಮಾದರಿಯಲ್ಲೂ ರಸ್ತೆಯ ಕೆಳಗೆ ಹದವಾದ ಜೇಡಿಮಣ್ಣಿನ ಒಂದು ಪದರ ಹಾಸಿ, ಎರಡು ಕಡೆ ನೀರು ಹೋಗಲು ಸಣ್ಣ ತೂಬು ಬಿಟ್ಟಿದ್ದೇನೆ.

ಇನ್ನು ಎರಡನೇ ಕಮಾನು. ಅದಕ್ಕೆ ನಡುವೆ ಒಂದು ಕಂಬ ಬೇಕು, ಅದರ ದಪ್ಪ ಎಷ್ಟು ಅನ್ನುವುದೇ ಪ್ರಶ್ನೆ. ಎರಡೂ ಕಡೆ ಕಮಾನು ಇದ್ದರೆ ತಳ್ಳುವ ಬಲ ಒಂದಕ್ಕೊಂದು ಸರಿಹೋಗಿ ತೆಳ್ಳನೆ ಕಂಬ ಸಾಕು. 18ನೇ ಶತಮಾನದಲ್ಲಿ ಪ್ಯಾರಿಸ್ ಹತ್ತಿರದ ನೆಯ್ಯಿಯಲ್ಲಿ ಪೆರೊನೆ ಅನ್ನುವ ಎಂಜಿನಿಯರ್ ಸೇತುವೆ ಕಟ್ಟಿದ್ದು ಹಾಗೆ. ಆದರೆ ಆಗ ಎಲ್ಲ ಕಮಾನಿಗೂ ಒಟ್ಟಿಗೇ ಸೆಂಟ್ರಿಂಗ್ ಬೇಕು, ಒಂದು ಬಿದ್ದರೆ ಸಾಲಾಗಿ ಎಲ್ಲ ಬೀಳುತ್ತವೆ. ಮಧ್ಯಯುಗದವರು ಒಂದೊಂದೇ ಕಮಾನು ಕಟ್ಟುತ್ತಾ ಮುಂದೆ ಹೋದರು. ಹಾಗಾಗಿ ಪ್ರತಿ ಕಂಬವೂ ಒಂದೇ ಕಡೆಯ ತಳ್ಳಾಟವನ್ನು ತಾನೊಂದೇ ತಡೆಯುವಷ್ಟು ದಪ್ಪ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯವನ್ನು ತಡೆಯಲು ಜರ್ಮನ್ ಸೈನಿಕರು ರೇಗೆನ್ಸ್‌ಬರ್ಗ್ ಸೇತುವೆಯನ್ನು ಎರಡು ಕಡೆ ಸ್ಫೋಟಿಸಿದರು. ಮಿಕ್ಕ ಕಮಾನುಗಳು ನಿಂತೇ ಇದ್ದವು. ಒಡೆದ ಭಾಗದ ದುರಸ್ತಿ 1967ರಲ್ಲಿ ಮುಗಿಯಿತು.

ನಾನೂ ದಪ್ಪ ಕಂಬವನ್ನೇ ಹಾಕುತ್ತಿದ್ದೇನೆ, ಕಮಾನಿನ ಅಗಲದ ಮೂರನೇ ಒಂದು ಭಾಗ, 25 ಸೆಂ.ಮೀ. ಇರುವ ಸೆಂಟ್ರಿಂಗನ್ನೇ ಆ ಕಡೆಗೆ ಸರಿಸಿದರಾಯಿತು. ಪಾಯದ ಗುಂಡಿ ತೋಡಿ ಆಗಿದೆ.